ಕಸದ ಗಾಡಿ ಬರುವ ಹೊತ್ತಿನ ಧ್ಯಾನ

ಬೆಂಗಳೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಬ್ಯಾಂಕಿನಲ್ಲಿ ಕೆಲಸ. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಒಂದೂವರೆ ಗಂಟೆ ಧ್ಯಾನಕ್ಕೆ ಕೂರುತ್ತಾರೆ. ಗೆಳತಿ ಕರೆದಳು ಅಂತ ಎರಡು ಸಲ ಧರಣಿಗೆ ಹೋಗಿ ಬಂದರಂತೆ. ಆಮೇಲೆ ವಾರಗಟ್ಟಲೆ ಸಿಟ್ಟು ಇಳಿಯಲಿಲ್ಲ, ಧ್ಯಾನಕ್ಕೆ ಮನಸ್ಸು ನಿಲ್ಲಲಿಲ್ಲ. "ಮೊದಲು ನೀನು ಸರಿಯಾಗು, ಆಮೇಲೆ ಲೋಕ" ಅನ್ನುತ್ತಾರೆ ಗುರುಗಳು. "ಕಣ್ಣು ಮುಚ್ಚಿ ಕೂರೋದು ತಪ್ಪಿಸಿಕೊಳ್ಳೋ ದಾರಿ" ಅನ್ನುತ್ತಾಳೆ ಗೆಳತಿ. ಇಬ್ಬರಲ್ಲಿ ಯಾರು ಸರಿ, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋಕೆ ಆಗುತ್ತಾ ಅಂತ ಕೇಳಿದ್ದಾರೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮ ಸಿಟ್ಟಿನ ಬಗ್ಗೆ ಇಷ್ಟು ನೇರವಾಗಿ ಬರೆಯುವವರು ಕಮ್ಮಿ. ಗುರುಗಳ ಮಾತಿನಲ್ಲಿ ಸತ್ಯ ಇದೆ. ಸಿಟ್ಟು ತುಂಬಿಕೊಂಡು ಚಳವಳಿಗೆ ಇಳಿದವರು ಮೊದಲು ಜೊತೆಯವರನ್ನೇ ಸುಡುತ್ತಾರೆ. ಅಂಥ ಸಂಘಟನೆಗಳು ಒಡೆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅಷ್ಟು ಒಪ್ಪಿದೆ. ಆದರೆ ಆ 'ಆಮೇಲೆ' ಅನ್ನುವ ಪದ ಇದೆಯಲ್ಲ, ಅದರ ಮೇಲೆ ನನ್ನದು ಹಳೇ ತಕರಾರು. ಅದು ಯಾವಾಗ ಬರುತ್ತದೆ? ಎಂಟು ವರ್ಷ ಆಯಿತು ಅಂತ ನೀವೇ ಬರೆದಿದ್ದೀರಿ.

ಈ ತಕರಾರು ಎಲ್ಲಿ ಹುಟ್ಟಿತು ಅಂತ ಹೇಳಿಬಿಡುತ್ತೇನೆ. ಸುಮಾರು ವರ್ಷಗಳ ಹಿಂದೆ ನಾನೂ ಒಂದು ಮೌನ ಶಿಬಿರಕ್ಕೆ ಹೋಗಿದ್ದೆ. ಮೂರು ದಿನ, ನಲವತ್ತು ಜನ. ಶೌಚಾಲಯ ತೊಳೆಯೋಕೆ ಒಬ್ಬ ಹೆಂಗಸು ಬರುತ್ತಿದ್ದಳು. ಎರಡನೇ ದಿನ ಬೆಳಿಗ್ಗೆ ಆಕೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಪೊರಕೆ ಕೈಯಲ್ಲೇ ಇತ್ತು, ಬಕೆಟ್ ಉರುಳಿ ನೀರು ಕೆಳಗಿಳಿಯುತ್ತಿತ್ತು. ನಾವು ಒಬ್ಬೊಬ್ಬರಾಗಿ ಕಾಲು ಎತ್ತಿಟ್ಟು ಆ ನೀರನ್ನು ದಾಟಿ ಹಾಲ್‌ಗೆ ಹೋದೆವು. ಮಾತಾಡಬಾರದು ಅಂತ ನಿಯಮ ಇತ್ತಲ್ಲ. ಕೊನೆಗೆ ಅಡುಗೆಯವನು ಓಡಿಬಂದು ಆಕೆಗೆ ಮಜ್ಜಿಗೆ ಕುಡಿಸಿದ. ದಾಟಿ ಹೋದವರಲ್ಲಿ ನಾನೂ ಒಬ್ಬ. ಅವತ್ತು ಕೂತ ಒಂದು ಗಂಟೆಯಲ್ಲಿ ನನಗೆ ಕಂಡದ್ದು ಆ ಒದ್ದೆ ಮೆಟ್ಟಿಲು ಮಾತ್ರ.

ನಮ್ಮ ಕನ್ನಡದ ದಾರಿಯಲ್ಲಿ ಈ 'ಆಮೇಲೆ' ಇರಲೇ ಇಲ್ಲ. 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನನ್ನು ನೋಡಿ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಕಾಯಕದಲ್ಲಿ ಮುಳುಗಿದ್ದಾಗ ಗುರು ಎದುರಿಗೆ ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂದ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಬೈದು ವಾಪಸ್ ಕಳಿಸಿದಳು. ಇಷ್ಟು ಆಸೆ ನಮಗೇಕೆ, ಅದು ಅರಸರಿಗೆ ಇರಲಿ ಅಂದಳು. ಮನಸ್ಸು ತೊಳೆಯುವ ಕೆಲಸ ಆ ಮನೆಯಲ್ಲಿ ಅಕ್ಕಿಯ ಸೇರಿನಲ್ಲೇ ನಡೆಯಿತು, ಅಲ್ವಾ? ಅದಕ್ಕೆ ಬೇರೆ ಹೊತ್ತು ಇಟ್ಟುಕೊಂಡಿರಲಿಲ್ಲ.

ಇದು ಹಳೇ ಕಾಲದ ಮಾತಾಯಿತು ಅನ್ನಬೇಡಿ. ಮಂಗಳೂರಿಗೆ ಬನ್ನಿ. ಕುದ್ಮುಲ್ ರಂಗರಾಯರ ಹೆಸರು ಅಲ್ಲಿನ ಪುರಭವನಕ್ಕಿದೆ. ಆದರೂ ಕರಾವಳಿಯ ಆಚೆ ಎಷ್ಟು ಜನಕ್ಕೆ ಅವರು ಗೊತ್ತು? 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ಮಂಗಳೂರಿನಲ್ಲಿ ವಕೀಲ. ಬ್ರಹ್ಮ ಸಮಾಜ ಸೇರಿದರು. ಎಲ್ಲರೊಳಗೂ ಇರುವವನು ಒಬ್ಬನೇ ದೇವರು ಅಂತ ಪ್ರಾರ್ಥನೆ ಮಾಡಿ ಸುಮ್ನೆ ಮನೆಗೆ ಹೋಗೋಕೆ ಅವರಿಗೆ ಆಗಲಿಲ್ಲ. 1892ರಲ್ಲಿ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ದಲಿತರ ಏಳಿಗೆಗೆ ಅಂತ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನುವ ಸಂಸ್ಥೆ ಕಟ್ಟಿದರು. ಶಾಲೆಗೆ ಮೇಲ್ಜಾತಿಯ ಮೇಷ್ಟರು ಬರಲಿಲ್ಲ. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಅವರು ಅಕ್ಷರಕ್ಕೆ ನಿಲ್ಲಲಿಲ್ಲ. ಕಲಿತ ಮಕ್ಕಳಿಗೆ ಕೈಕಸುಬು ಬೇಕು, ಮನೆ ಕಟ್ಟಿಕೊಳ್ಳೋಕೆ ಜಾಗ ಬೇಕು ಅಂತ ಹೋರಾಡಿದರು. ಸೇವೆ ಅಂತ ಶುರುವಾದದ್ದು ಹಕ್ಕಿನ ಮಾತಿಗೆ ಬಂದು ಮುಟ್ಟಿತು. ಮನಸ್ಸಿಟ್ಟು ಮಾಡಿದರೆ ಅದು ಅಲ್ಲಿಗೇ ಮುಟ್ಟುತ್ತದೆ.

ಅವರು ಸನ್ಯಾಸ ತೆಗೆದುಕೊಂಡದ್ದು ಯಾವಾಗ ಗೊತ್ತಾ? 1927ರಲ್ಲಿ. ಶಾಲೆ ತೆರೆದು 35 ವರ್ಷ ಆದ ಮೇಲೆ, ಸಾಯುವ ಹಿಂದಿನ ವರ್ಷ. ಕಾವಿ ಉಟ್ಟು ಈಶ್ವರಾನಂದ ಆದರು. ತಮ್ಮ ಹೆಣವನ್ನು ಕಕ್ಕಸು ಬಳಿಯುವ ಜನ ಹೊರಬೇಕು ಅಂತ ಹೇಳಿಟ್ಟಿದ್ದರು. ಮಂಗಳೂರಿನ ಬಾಬುಗುಡ್ಡದಲ್ಲಿ ಅವರ ಸಮಾಧಿ ಇದೆ. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗು ಸರಕಾರಿ ಕೆಲಸ ಹಿಡಿದು ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಅನ್ನುವುದು ಅವರ ಆಸೆ. ಪಾದಧೂಳಿ ಹಣೆಗಿಟ್ಟುಕೊಳ್ಳುವ ಭಕ್ತಿ ನಮಗೆಲ್ಲ ಗೊತ್ತು. ಒಬ್ಬ ಸನ್ಯಾಸಿ ಯಾರ ಧೂಳು ಕೇಳಿದ ನೋಡಿ. ನನಗೆ ಇದನ್ನು ಬರೆಯುವಾಗಲೆಲ್ಲ ಗಂಟಲು ಕಟ್ಟುತ್ತದೆ.

ಇನ್ನು ನಿಮ್ಮ ಸಿಟ್ಟು. ಅದನ್ನು ಧ್ಯಾನದ ಶತ್ರು ಅಂತ ಯಾಕೆ ಅಂದುಕೊಳ್ಳುತ್ತೀರಿ? ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಕೆಜಿಎಫ್‌ನಲ್ಲಿ, 1966ರಲ್ಲಿ, ಮಲ ಹೊರುವ ಕುಟುಂಬದಲ್ಲಿ. ತಮ್ಮವರು ಬರಿಗೈಯಲ್ಲಿ ಮಲ ಎತ್ತುವುದನ್ನು ಕಣ್ಣಾರೆ ಕಂಡು ಅತ್ತವರು ಅವರು. ಆ ಅಳುವನ್ನು ಕಣ್ಣು ಮುಚ್ಚಿ ಕೂತು ತಣಿಸಿಕೊಳ್ಳಲಿಲ್ಲ. ಅಧಿಕಾರಿಗಳಿಗೆ ಪತ್ರ ಬರೆದರು, ಫೋಟೊ ತೆಗೆಸಿದರು, ಮಲ ಹೊರುವುದನ್ನು ನಿಲ್ಲಿಸೋಕೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರಿಸುವುದರ ವಿರುದ್ಧ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. 2023ರಲ್ಲಿ ಸುಪ್ರೀಂ ಕೋರ್ಟ್ ಚರಂಡಿಯಲ್ಲಿ ಸತ್ತವರ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಮ್ಯಾನ್‌ಹೋಲಿಗೆ ಇಳಿಯುವುದು ಮಾತ್ರ ನಿಂತಿಲ್ಲ.

ನನ್ನ ಬೇಸರ ಇಲ್ಲಿದೆ. ಮನಶ್ಶಾಂತಿಯ ಬಗ್ಗೆ ನಮ್ಮ ಪತ್ರಿಕೆಗಳು ವಾರಕ್ಕೊಂದು ಪುಟ ಕೊಡುತ್ತವೆ, ಬಣ್ಣದಲ್ಲಿ. ಮ್ಯಾನ್‌ಹೋಲಿನ ಸಾವು ಒಳಪುಟದ ಮೂಲೆಯಲ್ಲಿ ಆರು ಸಾಲು. ಇದರಲ್ಲಿ ನಮ್ಮ ಪತ್ರಿಕೆಯೂ ಸೇರಿದೆ, ಈ ಮಾತನ್ನು ಸಂಪಾದಕೀಯ ಸಭೆಯಲ್ಲೂ ಜಗಳ ಆಡಿಯೇ ಹೇಳಿದ್ದೇನೆ. ಅಧ್ಯಾತ್ಮ ಈಗ ಸುಸ್ತಾದ ಮನಸ್ಸಿಗೆ ಎಣ್ಣೆ ಹಚ್ಚುವ ಕೆಲಸಕ್ಕೆ ನಿಂತಿದೆ. ಅದಕ್ಕೆ ಶಿಬಿರ ಇದೆ, ಆ್ಯಪ್ ಇದೆ, ಶುಲ್ಕ ಇದೆ. ಪಕ್ಕದಲ್ಲಿ ಕುಸಿದವರನ್ನು ಎತ್ತೋಕೆ ಅದು ಹೇಳಿಕೊಡುತ್ತಿಲ್ಲ. ಮಠದ ದಾಸೋಹದಲ್ಲಿ ಉಂಡು ಓದಿ ದೊಡ್ಡವರಾದ ನಾಡಿನವರು ನಾವು. ನಮ್ಮ ಬಾಯಲ್ಲೂ ಈಗ 'ನನ್ನ ಶಾಂತಿ, ನನ್ನ ಸ್ಪೇಸ್' ಅನ್ನುವ ಮಾತೇ.

ಕೂರುವುದನ್ನು ಬಿಡಿ ಅಂತ ಹೇಳುತ್ತಿಲ್ಲ. ಮೂರನೇ ಪುಟದಲ್ಲಿ ನೀವು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಆರೂವರೆಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ, ಏಕಾಗ್ರತೆ ಕೆಡುತ್ತದೆ ಅಂತ. ನನ್ನ ಉತ್ತರ ಪೂರ್ತಿ ಆ ಸಾಲಿಗೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ರಾಜ್ಯದುದ್ದಕ್ಕೂ ಮುಷ್ಕರ ಮಾಡಿದಾಗ ಕೆಲಸ ಕಾಯಂ ಮಾಡುವ ಭರವಸೆ ಸಿಕ್ಕಿತು. ಕಸದ ಗಾಡಿಯ ಚಾಲಕರು, ಸಹಾಯಕರು ಆ ಭರವಸೆಯ ಆಚೆ ಉಳಿದರು. ನಿಮ್ಮ ಬಾಗಿಲಿಗೆ ಬರುವುದು ಅವರೇ.

ನಾಳೆ ಅರ್ಧ ಗಂಟೆ ಮುಂಚೆ ಎದ್ದು ಧ್ಯಾನ ಮುಗಿಸಿ. ಗಾಡಿ ಬಂದಾಗ ಕೆಳಗೆ ಇಳಿಯಿರಿ. ಹಸಿ ಕಸ, ಒಣ ಕಸ ನೀವೇ ಬೇರೆ ಮಾಡಿ ಕೊಡಿ. ಸಹಾಯಕಿಯ ಹೆಸರು ಕೇಳಿ. ಕೈಗೆ ಗವಸು ಇದೆಯಾ ನೋಡಿ. ನಾಲ್ಕು ದಿನ ಹೋಗಲಿ, ಪರಿಚಯ ಆಗಲಿ. ಆಮೇಲೆ ಸಂಬಳ ತಿಂಗಳು ತಿಂಗಳು ಬರುತ್ತಾ, ಪಿಎಫ್ ಕಟ್ಟುತ್ತಿದ್ದಾರಾ ಕೇಳಿ. ನೀವು ಬ್ಯಾಂಕಿನವರು, ಆಕೆಯ ಜೊತೆ ಕೂತು ಆಕೆಯ ಪಿಎಫ್ ಖಾತೆ ನೋಡಿಕೊಡೋದು ನಿಮಗೆ ಹತ್ತು ನಿಮಿಷದ ಕೆಲಸ. ಸಂಬಳದಲ್ಲಿ ದುಡ್ಡು ಹಿಡಿದೂ ಪಿಎಫ್‌ಗೆ ಕಟ್ಟದೇ ಇದ್ದರೆ ಸಿಟ್ಟು ಬಂದೇ ಬರುತ್ತದೆ, ಬರಲಿ. ಆ ದಿನ ಗೆಳತಿಗೆ ನೀವೇ ಫೋನ್ ಮಾಡಿ, ಮೂರು ಜನ ಸೇರಿ ಪಿಎಫ್ ಕಚೇರಿಗೆ ಹೋಗಿ ಬನ್ನಿ. ಅಲ್ಲಿ ಏನಾಯಿತು ಅಂತ ನನಗೆ ಬರೆಯಿರಿ. ಆ ಪತ್ರವನ್ನು ಬಣ್ಣದ ಪುಟದಲ್ಲೇ ಹಾಕುತ್ತೇನೆ.

— ಸಂಪಾದಕ