ಎರಡು ದಿನ ಅಗೆದರೂ ನೀಲ ಸಿಗಲಿಲ್ಲವೇ? ನಿಮ್ಮ ಜರಡಿ ನೋಡಿ

ಪ್ರಶ್ನೆ: ನಾಲ್ಕು ಸ್ನೇಹಿತ ಕುಟುಂಬಗಳು ಕ್ಯಾರವಾನ್‌ಗಳಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಕ್ವೀನ್ಸ್‌ಲ್ಯಾಂಡ್‌ನ ರೂಬಿವೇಲ್‌ಗೆ ಹೋಗಿದ್ದೆವು. ಎರಡು ದಿನ ಅಗೆದೆವು, ಒಂದು ನೀಲವೂ (ಸಫೈರ್ ರತ್ನ) ಸಿಗಲಿಲ್ಲ. ಒಳ್ಳೆಯ ಜಾಗ ಯಾವುದು, ಹೇಳಿ.

ಉತ್ತರ: ಪ್ರತಿ ರಜೆ ಮುಗಿದ ಮೇಲೂ ಇದೇ ಪತ್ರ ಬರುತ್ತದೆ. ಎಲ್ಲರಿಗೂ ಜಾಗ ಬೇಕು, ಮಣ್ಣು ತೊಳೆದ ಬಗೆ ಮಾತ್ರ ಯಾರೂ ಬರೆಯುವುದಿಲ್ಲ. ರೂಬಿವೇಲ್, ಸಫೈರ್, ಅನಾಕಿ, ವಿಲ್ಲೋಸ್ ಎಂಬ ಊರುಗಳ ಸುತ್ತಲಿನ ನೀಲಗಳು ಜ್ವಾಲಾಮುಖಿಯ ಬಸಾಲ್ಟ್ (ಲಾವಾ ಗಟ್ಟಿಯಾದ ಕಪ್ಪು ಕಲ್ಲು) ಜೊತೆ ಮೇಲೆ ಬಂದವು. ಆ ಕಲ್ಲು ಸವೆದ ಮೇಲೆ ಹಳೆಯ ಹೊಳೆಗಳ ಗರಸಿನಲ್ಲಿ ಬಂದು ಕೂತವು. ಅಲ್ಲಿನವರು ಈ ಗರಸನ್ನು ‘ವಾಶ್’ ಅನ್ನುತ್ತಾರೆ. ನುಣ್ಣನೆಯ ದೊಡ್ಡ ‘ಬಿಲ್ಲಿ’ ಬಂಡೆಗಳು ಕಂಡರೆ ವಾಶ್ ಹತ್ತಿರದಲ್ಲಿದೆ ಎಂಬ ಸುಳಿವು. ಜಾಗದ ವಿಷಯ ಇಷ್ಟು ಸಾಕು.

ಈಗ ಜರಡಿಗೆ ಬನ್ನಿ. ಎರಡು ಜರಡಿ ಬೇಕು, ಮೇಲೆ ದಪ್ಪ ಕಣ್ಣಿನದು, ಕೆಳಗೆ ಸಣ್ಣ ಕಣ್ಣಿನದು. ಒಣಗಿದ್ದಾಗಲೇ ಆಡಿಸಿ ಧೂಳು ತೆಗೆಯಿರಿ. ಜೇಡಿಯ ಉಂಡೆಗಳನ್ನು ಬೆರಳಲ್ಲಿ ಒಡೆಯಿರಿ. ಬಹಳಷ್ಟು ಜನ ಅದನ್ನು ಹಾಗೇ ಎಸೆದುಬಿಡುತ್ತಾರೆ, ಒಳಗಿದ್ದ ಕಲ್ಲೂ ಅದರ ಜೊತೆ ಹೋಗುತ್ತದೆ. ಮೇಲಿನ ಜರಡಿಯಲ್ಲಿ ಉಳಿದದ್ದನ್ನೂ ನೋಡದೆ ಚೆಲ್ಲಬೇಡಿ, ದೊಡ್ಡ ನೀಲ ಸಿಕ್ಕುವುದು ಅಲ್ಲೇ. 733 ಕ್ಯಾರಟ್‌ನ ‘ಬ್ಲ್ಯಾಕ್ ಸ್ಟಾರ್ ಆಫ್ ಕ್ವೀನ್ಸ್‌ಲ್ಯಾಂಡ್’ ಎಂಬ ಹೆಸರಾಂತ ನೀಲ ಅನಾಕಿ ಕಡೆಯೇ ರಾಯ್ ಸ್ಪೆನ್ಸರ್ ಎಂಬ ಹುಡುಗನಿಗೆ ಸಿಕ್ಕಿತ್ತು. ಬರೀ ಕರಿಕಲ್ಲು ಅಂದುಕೊಂಡು ಅವರ ಮನೆಯಲ್ಲಿ ವರ್ಷಗಟ್ಟಲೆ ಬಾಗಿಲಿಗೆ ಅಡ್ಡ ಇಟ್ಟಿದ್ದರು.

ಆಮೇಲೆ ನೀರು. ಡ್ರಮ್ಮಿನಲ್ಲಿ ಜರಡಿಯನ್ನು ಮೇಲೆ ಕೆಳಗೆ ಕುಣಿಸುವ ‘ವಿಲೋಬಿ’ ಸಿಕ್ಕರೆ ಸರಿ, ಇಲ್ಲದಿದ್ದರೆ ದೊಡ್ಡ ಟಬ್ಬು ಸಾಕು. ಅಕ್ಕಿ ಗಾಲಿಸುವಾಗ ಕಲ್ಲು ತಳ ಸೇರುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಬೆಣಚುಕಲ್ಲಿನ ಸಾಂದ್ರತೆ 2.65, ನೀಲದ್ದು 4. ಸರಿಯಾಗಿ ಕುಣಿಸಿದರೆ ನೀಲ ತಳದ ನಡುವಿಗೆ ಬಂದು ಕೂರುತ್ತದೆ. ಜರಡಿ ತುಂಬಾ ಸುರಿದರೆ ಕಲ್ಲಿಗೆ ಇಳಿಯಲು ದಾರಿಯೇ ಇರುವುದಿಲ್ಲ, ನಿಮ್ಮ ಸೋಲು ಅಲ್ಲೇ. ಅರ್ಧಕ್ಕಿಂತ ಜಾಸ್ತಿ ಹಾಕಲೇಬೇಡಿ.

ಕೊನೆಗೆ ಜರಡಿಯನ್ನು ಗೋಣಿತಾಟಿನ ಮೇಲೆ ಒಂದೇ ಏಟಿಗೆ ಬೋರಲು ಹಾಕಿ. ಭಾರದ್ದೆಲ್ಲ ಈಗ ಮೇಲೆ, ನಡುವೆ ಇರುತ್ತದೆ. ಕಬ್ಬಿಣದ ಕಲ್ಲು, ಜಿರ್ಕಾನ್, ನೀಲ ಎಲ್ಲವೂ ಅಲ್ಲೇ. ಒದ್ದೆ ಇರುವಾಗಲೇ ಸೂರ್ಯನಿಗೆ ಎದುರಾಗಿ ಕೂತು ಹುಡುಕಿ. ಅಂಗಡಿಯ ಆಕಾಶನೀಲಿ ಬಣ್ಣವನ್ನು ಹುಡುಕಬೇಡಿ. ಅಲ್ಲಿನ ಕಲ್ಲು ಹೆಚ್ಚಾಗಿ ಕಡುನೀಲಿ, ಹಸಿರು, ಹಳದಿ, ಇಲ್ಲವೇ ಇವೆಲ್ಲ ಕಲೆತ ‘ಪಾರ್ಟಿ’ ಬಣ್ಣ. ಕೈಯಲ್ಲಿ ಕಪ್ಪಗಿರುತ್ತದೆ, ಬೆಳಕಿಗೆ ಹಿಡಿದರೆ ಮಾತ್ರ ಬಣ್ಣ ಬಿಡುತ್ತದೆ. ನಾಲ್ಕು ಕುಟುಂಬ ಇದ್ದಿರಲ್ಲ, ಇಬ್ಬರು ಅಗೆದು ಉಳಿದವರು ತೊಳೆಯಬೇಕಿತ್ತು. ನೀವು ಎಲ್ಲರೂ ಅಗೆದಿರಿ ಅಂತ ಕಾಣುತ್ತದೆ.

ಪ್ರಶ್ನೆ: ಕಲ್ಲು ಗಾಜನ್ನು ಗೀರಿದರೆ ಅದು ನೀಲ ತಾನೇ?

ಉತ್ತರ: ಅಲ್ಲ. ಬೆಣಚುಕಲ್ಲೂ ಗೀರುತ್ತದೆ. ಲೈಟರ್‌ನಿಂದ ಕಾಯಿಸಿ ನೋಡಿ ಎನ್ನುವವರ ಮಾತು ಇನ್ನೂ ಅಪಾಯ, ಒಳಗೆ ಸಣ್ಣ ಬಿರುಕಿದ್ದರೆ ಒಳ್ಳೆಯ ಕಲ್ಲು ಸೀಳಿಹೋಗುತ್ತದೆ. ರತ್ನ ಪರೀಕ್ಷಕರಿಂದ ವಕ್ರೀಭವನ ಸೂಚ್ಯಂಕ (ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ) ಅಳೆಸಿ. 1.76ರ ಆಸುಪಾಸು ಬಂದರೆ ನೀಲ, 1.54 ಬಂದರೆ ಬೆಣಚು.

ಪ್ರಶ್ನೆ: ನಾವೇ ಅಗೆದು ತೆಗೆದ ನೀಲಕ್ಕೆ ಶನಿದೋಷ ಕಳೆಯುವ ಶಕ್ತಿ ಜಾಸ್ತಿಯಂತೆ. ಜ್ಯೋತಿಷಿಗಳು ‘ಶುದ್ಧಿ’ಗೆ ಇಪ್ಪತ್ತು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಅದು ಅಲ್ಯೂಮಿನಿಯಂ ಆಕ್ಸೈಡ್, ಸೋಪುನೀರಲ್ಲಿ ಶುದ್ಧವಾಗುತ್ತದೆ. ಹೆದರಿದವರ ಜೇಬಿಗೆ ಕೈ ಹಾಕುವ ಇಂಥ ದಂಧೆಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಹಣದಲ್ಲಿ ಕಲ್ಲನ್ನು ಒಳ್ಳೆಯ ಕಸುಬುದಾರರಿಂದ ಕಟ್ ಮಾಡಿಸಿ.

ಪ್ರಶ್ನೆ: ಹರಳು ಹುಡುಕಲು ಒಬ್ಬರು ಪಡೆದ ಲೈಸೆನ್ಸಿನಲ್ಲಿ ಇಡೀ ಗುಂಪು ಅಗೆಯಬಹುದಾ?

ಉತ್ತರ: ಇಲ್ಲ. ಕುಟುಂಬದ ಲೈಸೆನ್ಸು ಆ ಕುಟುಂಬಕ್ಕಷ್ಟೇ, ಸ್ನೇಹಿತರು ಬೇರೆ ತಗೊಳ್ಳಬೇಕು.

ಪ್ರಶ್ನೆ: ಗುಂಡಿಯ ಗೋಡೆಯಲ್ಲಿ ವಾಶ್‌ನ ಪಟ್ಟೆ ಕಾಣುತ್ತದೆ. ಒಳಕ್ಕೆ ಕೊರೆದುಕೊಂಡು ಹೋದರೆ ಬೇಗ ಸಿಗುತ್ತದಲ್ವಾ?

ಉತ್ತರ: ಹಾಗೆ ಮಾಡಲೇಬೇಡಿ. ಬುಡ ಕೊರೆದ ಗೋಡೆ ಮುನ್ಸೂಚನೆ ಕೊಡದೆ ಬೀಳುತ್ತದೆ. ಎದೆಯವರೆಗೆ ಮಣ್ಣು ಬಿದ್ದರೆ ಸಾಕು, ಉಸಿರು ತೆಗೆದುಕೊಳ್ಳಲು ಆಗುವುದಿಲ್ಲ. ಸುರಂಗ ತೋಡುವುದು ಮತ್ತು ಯಂತ್ರ ಬಳಸುವುದು ಕಾನೂನಿನಲ್ಲೂ ನಿಷಿದ್ಧ, ಕೈಸಲಕರಣೆಗೆ ಮಾತ್ರ ಅವಕಾಶ. ಹಳೆಯ ಗಣಿಗುಂಡಿಗಳ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ನಾನಾಗಿದ್ದರೆ ಮಕ್ಕಳಿದ್ದ ಗುಂಪನ್ನು ಮೊದಲ ಸಲ ಗುಂಡಿಗೇ ಕರೆದೊಯ್ಯುವುದಿಲ್ಲ. ಅಲ್ಲಿನ ಪ್ರವಾಸಿ ಗಣಿಗಳಲ್ಲಿ ವಾಶ್ ತುಂಬಿದ ಬಕೆಟ್ ಮಾರುತ್ತಾರೆ. ಅದನ್ನು ಕೊಂಡು ನೆರಳಲ್ಲಿ ಕೂತು ತೊಳೆಯುವುದಕ್ಕೆ ಲೈಸೆನ್ಸೂ ಬೇಡ.