ಕೋವಿ ಲೈಸೆನ್ಸಿನ ಅರ್ಜಿಯಲ್ಲಿ ‘ಸಿ’ ಬರೆಯಬೇಕೋ, ‘ಎಸ್’ ಬರೆಯಬೇಕೋ?

ತೀರ್ಥಹಳ್ಳಿಯಿಂದ ನೀವು ಕೇಳಿದ್ದು ಇಷ್ಟು: ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸ್ ರಿನ್ಯೂವಲ್ ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ‘ಲೈಸೆನ್ಸ್’ ಪದದ ಕೊನೆಗೆ ‘ಸಿ-ಇ’ ಹಾಕಿದರೆ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತದೆ, ‘ಎಸ್-ಇ’ ಮಾಡಬೇಕೆ?

ಬೇಡ, ನೀವು ಬರೆದದ್ದೇ ಸರಿ. ಅಲ್ಲಿ ಅದು ನಾಮಪದ. ನಮ್ಮಲ್ಲಿ ಚಾಲ್ತಿಯಲ್ಲಿರುವ ಬ್ರಿಟಿಷ್ ಸ್ಪೆಲಿಂಗ್ ಪ್ರಕಾರ ನಾಮಪದಕ್ಕೆ ಎಲ್-ಐ-ಸಿ-ಇ-ಎನ್-ಸಿ-ಇ. 1959ರ ಶಸ್ತ್ರಾಸ್ತ್ರ ಕಾಯ್ದೆ, 1988ರ ಮೋಟಾರು ವಾಹನ ಕಾಯ್ದೆ ಎರಡರ ಇಂಗ್ಲಿಷ್ ಪಠ್ಯದಲ್ಲೂ ಹೀಗೇ ಇದೆ. ಕ್ರಿಯಾಪದವಾದರೆ ಮಾತ್ರ ಎರಡನೆಯ ‘ಸಿ’ ಇದ್ದಲ್ಲಿ ‘ಎಸ್’. ಮೊದಲ ‘ಸಿ’ ಯಾವತ್ತೂ ಕದಲುವುದಿಲ್ಲ. ಕೆಲವರು ಅದನ್ನೇ ‘ಎಸ್’ ಮಾಡಿಬಿಡುತ್ತಾರೆ, ಅದು ಯಾವ ದೇಶದ ಇಂಗ್ಲಿಷಿನಲ್ಲೂ ತಪ್ಪು.

ನಿಜವಾಗಿ ಎಡವುವುದು ಪದಕ್ಕೆ ಬಾಲ ಹತ್ತಿದಾಗ. ಲೈಸೆನ್ಸ್ಡ್ ಗನ್, ಲೈಸೆನ್ಸಿಂಗ್ ಅಥಾರಿಟಿ, ಲೈಸೆನ್ಸೀ: ಈ ಮೂರೂ ಕ್ರಿಯಾಪದದಿಂದ ಹುಟ್ಟಿದವು, ಮೂರಕ್ಕೂ ‘ಎಸ್’. ಲೈಸೆನ್ಸ್ ನಂಬರ್, ಲೈಸೆನ್ಸ್ ಹೋಲ್ಡರ್‌ಗೆ ‘ಸಿ’. ಹಾಗಾಗಿ ನಿಮ್ಮ ಒಂದೇ ಅರ್ಜಿಯಲ್ಲಿ ‘ಟು’ ಕೆಳಗಿನ ಲೈಸೆನ್ಸಿಂಗ್ ಅಥಾರಿಟಿಗೆ ‘ಎಸ್’, ಅದರ ಕೆಳಗೆ ವಿಷಯದ ಸಾಲಿನ ಗನ್ ಲೈಸೆನ್ಸ್‌ಗೆ ‘ಸಿ’ ಬರುತ್ತದೆ. ಟೈಪ್ ಮಾಡುವವರು ಎಲ್ಲ ಒಂದೇ ತರಹ ಇರಲಿ ಎಂದು ‘ತಿದ್ದಿ’ ಕೊಟ್ಟರೆ ಒಪ್ಪಬೇಡಿ.

ಅನುಮಾನ ಬಂದರೆ ಕನ್ನಡದಲ್ಲಿ ಹೇಳಿ ನೋಡಿ. ‘ಲೈಸೆನ್ಸಿನ ಅವಧಿ’, ‘ಲೈಸೆನ್ಸನ್ನು ನವೀಕರಿಸಿ’ ಎಂದು ವಿಭಕ್ತಿ ಹತ್ತಿದರೆ ‘ಸಿ’. ‘ಲೈಸೆನ್ಸ್ ಕೊಡುವ’, ‘ಲೈಸೆನ್ಸ್ ಪಡೆದ’ ಎಂಬ ಅರ್ಥವೆಲ್ಲ ಒಂದೇ ಇಂಗ್ಲಿಷ್ ಪದದೊಳಗೆ ಅಡಗಿದ್ದರೆ ‘ಎಸ್’.

ಕಿವಿ ಇಲ್ಲಿ ಕೈಕೊಡುತ್ತದೆ, ಎರಡರ ಉಚ್ಚಾರಣೆಯೂ ಒಂದೇ. ಅದಕ್ಕೇ ‘ಅಡ್ವೈಸ್’ ಪದವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ‘ಎಸ್’, ಉಚ್ಚಾರಣೆ ಅಡ್ವೈಜ಼್. ನಮ್ಮ ನಾಲಿಗೆ ಎರಡನ್ನೂ ‘ಅಡ್ವೈಸ್’ ಮಾಡುವುದರಿಂದಲೇ ಅರ್ಧ ಗೊಂದಲ. ‘ಪ್ರಾಕ್ಟೀಸ್’ಗೂ ಇದೇ ಲೆಕ್ಕ: ವಕೀಲರ ಪ್ರಾಕ್ಟೀಸಿಗೆ ‘ಸಿ’, ಪ್ರಾಕ್ಟೀಸಿಂಗ್ ಅಡ್ವೊಕೇಟ್‌ಗೆ ‘ಎಸ್’.

ಇನ್ನು ಆ ಕೆಂಪು ಗೆರೆ. ಕಂಪ್ಯೂಟರಿನ ಭಾಷೆ ಅಮೆರಿಕನ್ ಇಂಗ್ಲಿಷಿಗೆ ನಿಂತಿದೆ. ಅಮೆರಿಕದವರು ಲೈಸೆನ್ಸ್ ನಾಮಪದವಾದರೂ ಕ್ರಿಯಾಪದವಾದರೂ ‘ಎಸ್’ ಬರೆಯುತ್ತಾರೆ, ಪ್ರಾಕ್ಟೀಸ್‌ಗೆ ಮಾತ್ರ ಎರಡೂ ಕಡೆ ‘ಸಿ’. ಅಲ್ಲಿಯೂ ಒಂದು ನೆಟ್ಟಗಿನ ನಿಯಮವಿಲ್ಲ ನೋಡಿ! ವರ್ಡ್‌ನಲ್ಲಿ ಕಂಟ್ರೋಲ್-ಎ ಒತ್ತಿ ಪೂರ್ತಿ ಅರ್ಜಿ ಆಯ್ದುಕೊಳ್ಳಿ. ರಿವ್ಯೂ ಟ್ಯಾಬಿನ ಲ್ಯಾಂಗ್ವೇಜ್ ಒಳಗೆ ‘ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್’ಗೆ ಹೋಗಿ ಯುನೈಟೆಡ್ ಕಿಂಗ್‌ಡಮ್ ಇಂಗ್ಲಿಷ್ ಆರಿಸಿ. ಅರ್ಜಿ ಆಯ್ದುಕೊಳ್ಳದೆ ಭಾಷೆ ಬದಲಿಸಿದರೆ ಕರ್ಸರ್ ಇದ್ದ ಜಾಗಕ್ಕಷ್ಟೇ ಅನ್ವಯವಾಗಿ, ಉಳಿದ ಕಡೆ ಗೆರೆ ಹಾಗೇ ಇರುತ್ತದೆ.