ಗಿಟಾರ್ ಮಾರಬೇಡಿ, ತಂತಿ ಇಳಿಸಿ

ಆರು ತಿಂಗಳಾದರೂ ರಾಕ್ ತಂಡ ಗನ್ಸ್ ಎನ್ ರೋಸಸ್‌ನ 'ಸ್ವೀಟ್ ಚೈಲ್ಡ್ ಓ ಮೈನ್' ಇಂಟ್ರೋ (ಶುರುವಿನ ಗಿಟಾರ್ ತುಣುಕು) ಮೂಲ ಹಾಡಿನ ಜೊತೆ ಸೇರುತ್ತಿಲ್ಲ, ಹೊಸ ಗಿಟಾರ್ ತಗೊಳ್ಳಲಾ, ಸುಲಭದ ಹಾಡು ಹಿಡಿಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹೊಸ ಗಿಟಾರ್ ತಗೊಂಡು ಕೈ ಸುಟ್ಟುಕೊಂಡವನು ನಾನು.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಡಿಕೆ ಸುಲಿದು ಕೂಡಿಸಿದ ದುಡ್ಡಲ್ಲಿ ಶಿವಮೊಗ್ಗದಿಂದ 7,500 ರೂಪಾಯಿಯ ಎಲೆಕ್ಟ್ರಿಕ್ ಗಿಟಾರ್ ತಂದಿದ್ದೆ. ಆ ಇಂಟ್ರೋ ನೋಡೋಕೆ ಭಯ, ಅಷ್ಟೇ. ಎಂಟು ಸ್ವರದ ಸುತ್ತು, ಗಿಟಾರಿನ ಕುತ್ತಿಗೆಯ ಅಡ್ಡಪಟ್ಟಿಗಳಲ್ಲಿ (ಫ್ರೆಟ್) ಡಿ ತಂತಿಯ 12ನೇ ಫ್ರೆಟ್‌ನಿಂದ ಶುರು. ಮುಂದಿನ ಸುತ್ತುಗಳಲ್ಲಿ ಮೊದಲ ಸ್ವರ ಮಾತ್ರ ಬದಲಾಗುತ್ತದೆ, ಉಳಿದ ಏಳು ಅವೇ. ಮಳೆಗಾಲ ಮುಗಿಯೋದರೊಳಗೆ ಬೆರಳಿಗೆ ಕೂತಿತ್ತು. ಒಬ್ಬನೇ ನುಡಿಸಿದರೆ ಚೆನ್ನಾಗಿತ್ತು. ಹಾಡು ಹಾಕಿಕೊಂಡು ನುಡಿಸಿದರೆ ಹಲ್ಲು ಜುಂ ಅನ್ನೋವಷ್ಟು ಅಪಸ್ವರ.

ಸ್ವರ ಅಳೆಯೋ ಟ್ಯೂನರ್ ಸಿಕ್ಕಿಸಿದರೆ ಆರೂ ತಂತಿಗೆ ಹಸಿರು ದೀಪ. ಇ, ಎ, ಡಿ, ಜಿ, ಬಿ, ಇ, ಗಿಟಾರಿನ ಮಾಮೂಲಿ ಸ್ವರಗಳು. ಟ್ಯೂನಿಂಗ್ ಸರಿಯಿದೆ ಅಂದಮೇಲೆ ತಪ್ಪು ಗಿಟಾರಿನದೇ, ಅಲ್ವಾ? ನಮ್ಮ ಕಡೆ ಮಳೆಗೆ ಬಾಗಿಲೇ ಉಬ್ಬುತ್ತದೆ, ಇದರ ಮರವೂ ಬಗ್ಗಿದೆ ಅಂದುಕೊಂಡೆ. ತಂತಿ ಬದಲಿಸಿದೆ. ಕೊನೆಗೆ 3,000ಕ್ಕೆ ಮಾರಿ, 16,000 ಕೊಟ್ಟು ಇನ್ನೊಂದು ತಂದೆ. (ಅಪ್ಪನಿಗೆ 9,000 ಅಂತ ಹೇಳಿದ್ದೆ.) ಅದರಲ್ಲೂ ಅದೇ ಅಪಸ್ವರ.

ತಪ್ಪು ಹಿಡಿದದ್ದು ಚಿಕ್ಕಪ್ಪ. ಹವ್ಯಾಸಿ ಯಕ್ಷಗಾನ ತಂಡದಲ್ಲಿ ಭಾಗವತರು, ರಾಕ್ ಅಂದರೆ ಮಾರು ದೂರ. ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. "ಎಂತ ಮಾರಾಯ ಅದು? ಹಾಡಿಂದು ಕಪ್ಪು ಒಂದು, ನಿಂದು ಬಿಳಿ ಎರಡು. ಹೆಂಗೆ ಸೇರ್ತದೆ? ಒಂದು ಮನೆ ಹಿಂದೆ ಸರಿಸು" ಅಂದರು. ಹಾರ್ಮೋನಿಯಂ ಮನೆಗಳ ಲೆಕ್ಕ ಅದು, ಕಪ್ಪು ಒಂದು ಅಂದರೆ ಬಿಳಿ ಎರಡಕ್ಕಿಂತ ಅರ್ಧ ಸ್ವರ ಕೆಳಗೆ. 11ನೇ ಫ್ರೆಟ್‌ನಿಂದ ನುಡಿಸಿದೆ. ನನ್ನ ಗಿಟಾರ್ ಯಾವುದು, ಹಾಡಿನದು ಯಾವುದು ಅಂತ ಗೊತ್ತಾಗದ ಹಾಗೆ ಸೇರಿಕೊಂಡಿತು.

ಗನ್ಸ್ ಎನ್ ರೋಸಸ್‌ನವರು 1987ರ ಆ ರೆಕಾರ್ಡಿಂಗ್‌ನಲ್ಲಿ ಆರೂ ತಂತಿಗಳನ್ನು ಅರ್ಧ ಸ್ವರ, ಅಂದರೆ ಒಂದು ಫ್ರೆಟ್‌ನಷ್ಟು, ಇಳಿಸಿಕೊಂಡಿದ್ದಾರೆ. ತಂಡದ ಗಿಟಾರಿಸ್ಟ್ ಸ್ಲ್ಯಾಷ್ ಬೆರಳು 12ನೇ ಫ್ರೆಟ್‌ನಲ್ಲೇ ಇರುತ್ತದೆ, ಕೇಳಿಸೋದು ಮಾತ್ರ ಡಿ ಅಲ್ಲ, ಡಿ ಫ್ಲಾಟ್. ನೀವು ಯಾವ ಹಾಡು ನುಡಿಸುತ್ತೀರಿ ಅಂತ ಟ್ಯೂನರ್‌ಗೇನು ಗೊತ್ತು? ಹಸಿರು ದೀಪ ಹೇಳಿದ್ದು ಸುಳ್ಳಲ್ಲ, ನಾನು ಕೇಳಬೇಕಾದ ಪ್ರಶ್ನೆಯೇ ಬೇರೆ ಇತ್ತು. ಯಾವ ತಂತಿ, ಯಾವ ಫ್ರೆಟ್ ಅಂತ ಅಂಕಿಯಲ್ಲಿ ಬರೆದ ಟ್ಯಾಬ್‌ನ ತಲೆಯ ಮೇಲೆ ಟ್ಯೂನಿಂಗ್ ಬರೆದೇ ಇತ್ತು. ನಾನು ಕೆಳಗಿನ ಅಂಕಿಗಳನ್ನು ಮಾತ್ರ ನೋಡಿದ್ದೆ. ಓದದ ಆ ಒಂದು ಸಾಲಿಗೆ 13,000 ರೂಪಾಯಿ ಹೋಯಿತು.

ಹಾಗಂತ ಒಂದು ಫ್ರೆಟ್ ಹಿಂದೆಯೇ ನುಡಿಸಿ ಸುಧಾರಿಸುತ್ತೀನಿ ಅನ್ನಬೇಡಿ. ಹಾಡು ಶುರುವಾದ ಮೇಲೆ ಡಿ, ಸಿ, ಜಿ ಕಾರ್ಡ್‌ಗಳಿವೆ (ಹಲವು ತಂತಿ ಒಟ್ಟಿಗೆ ನುಡಿಸೋ ಸ್ವರಗುಚ್ಛ), ಅವುಗಳಲ್ಲಿ ಬೆರಳು ಇಡದ ತಂತಿಗಳೂ ನುಡಿಯಬೇಕು. ಅವನ್ನು ಎಲ್ಲಿಗೆ ಹಿಂದೆ ಸರಿಸುತ್ತೀರಿ? ಆರೂ ತಂತಿಯನ್ನೇ ಅರ್ಧ ಸ್ವರ ಇಳಿಸಿ, ಇ ತಂತಿ ಇ ಫ್ಲಾಟ್ ಆಗಬೇಕು. ಟ್ಯೂನರ್ ಇ ಫ್ಲಾಟ್ ಬದಲು ಡಿ ಶಾರ್ಪ್ ತೋರಿಸಿದರೆ ಗಾಬರಿ ಬೇಡ, ಎರಡೂ ಒಂದೇ. ಆರನೆಯದು ಇಳಿಸೋ ಹೊತ್ತಿಗೆ ಮೊದಲು ಇಳಿಸಿದ್ದು ಸ್ವಲ್ಪ ಏರಿರುತ್ತದೆ, ಇನ್ನೊಂದು ಸುತ್ತು ಸರಿ ಮಾಡಿ. ಆಮೇಲೆ ತಾಳ ಹಿಡಿಯೋ ಮೆಟ್ರೋನೋಮ್ ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಶುರು ಮಾಡಿ. ಮೂಲದ ವೇಗ ಸುಮಾರು 125, ಅದಕ್ಕೆ ಅವಸರವಿಲ್ಲ.

ಸುಲಭದ ಹಾಡಿನ ಮಾತು ಬಿಟ್ಟುಬಿಡಿ. ಇಷ್ಟವಿಲ್ಲದ್ದನ್ನು ಸುಮ್ನೆ ಯಾರು ದಿನಾ ಸಂಜೆ ನೂರು ಸಲ ನುಡಿಸುತ್ತಾರೆ?

ನನ್ನ ಹಳೇ ಗಿಟಾರ್ ಕೊಂಡ ಹುಡುಗ ಈಗಲೂ ಅದನ್ನೇ ಹಿಡಿದು ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಿಗೆ ಹೋಗುತ್ತಾನೆ. ಮರ ಒಂದಿಷ್ಟೂ ಬಗ್ಗಿಲ್ಲವಂತೆ.